ರಗ್ಬಿ ವಿಶ್ವಕಪ್ ನಮ್ಮ ರೂಪಾಯಿ ಕರಗಿಸಿ ಮಾಡಿದ್ದಾ?

ಪ್ರಶ್ನೆ: ನಮ್ಮೂರಿನ ಒಂದು ಕ್ವಿಜ್‌ನಲ್ಲಿ "ಭಾರತದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ ರಗ್ಬಿ ಟ್ರೋಫಿ ಯಾವುದು" ಅಂತ ಕೇಳಿದರು. ನಾನು ರಗ್ಬಿ ವಿಶ್ವಕಪ್ ಅಂದೆ. ತಪ್ಪು ಅಂದರು. ಹಾಗಾದರೆ ವಿಶ್ವಕಪ್ ಟ್ರೋಫಿಯ ಕಥೆ ಏನು? ಅದಕ್ಕೆ ಒಬ್ಬ ಶಾಲಾ ಹುಡುಗನ ಹೆಸರು ಇಟ್ಟಿದ್ದಾರೆ ಅನ್ನುವುದಾದರೂ ನಿಜವಾ? ಮಗಳು ಲಂಡನ್‌ನಲ್ಲಿ ಓದುತ್ತಿದ್ದಾಳೆ, ಮುಂದಿನ ಬೇಸಿಗೆಗೆ ಹೋಗಬೇಕು ಅಂತಿದ್ದೇನೆ. ಇವನ್ನೆಲ್ಲ ಅಲ್ಲಿ ನೋಡಬಹುದಾ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನೀವು ಎರಡು ಕಪ್‌ಗಳ ಕಥೆಯನ್ನು ಒಂದೇ ಮಾಡಿಕೊಂಡಿದ್ದೀರಿ. ತುಂಬಾ ಜನ ಮಾಡುವ ತಪ್ಪು ಇದು, ಬೇಜಾರು ಮಾಡಿಕೊಳ್ಳಬೇಡಿ. ರೂಪಾಯಿ ಕರಗಿಸಿ ಮಾಡಿದ್ದು ಕಲ್ಕತ್ತಾ ಕಪ್. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ವರ್ಷಕ್ಕೊಂದು ಸಲ ಅದಕ್ಕಾಗಿ ಆಡುತ್ತವೆ. ವಿಶ್ವಕಪ್ ಗೆದ್ದವರ ಕೈಗೆ ಬರುವುದು ವೆಬ್ ಎಲಿಸ್ ಕಪ್. ಅದಕ್ಕೂ ನಮ್ಮ ರೂಪಾಯಿಗೂ ಸಂಬಂಧ ಇಲ್ಲ. ಹುಡುಗನ ಹೆಸರು ಇಟ್ಟಿರುವುದು ನಿಜ, ಆದರೆ ಆ ಹುಡುಗ ಮಾಡಿದ ಅನ್ನುವ ಕೆಲಸಕ್ಕೆ ಮಾತ್ರ ಸಾಕ್ಷಿ ಇಲ್ಲ.

ಮೊದಲು ವಿಶ್ವಕಪ್ ನೋಡೋಣ. ಫೋನಿನಲ್ಲಿ ಅದರ ಒಂದು ಚಿತ್ರ ತೆಗೆದು, ಬೆರಳಿಂದ ದೊಡ್ಡದು ಮಾಡಿಕೊಂಡು ಇದನ್ನು ಓದಿ. ಎತ್ತರ 38 ಸೆಂಟಿಮೀಟರ್, ಮೊಳಕ್ಕೂ ಸ್ವಲ್ಪ ಕಡಿಮೆ. ತೂಕ ನಾಲ್ಕೂವರೆ ಕಿಲೋ. ಒಳಗೆ ಬೆಳ್ಳಿ, ಮೇಲೆ ಚಿನ್ನದ ನೀರು. ಎರಡು ಕಡೆ ಸುರುಳಿ ಸುತ್ತಿದ ಹಿಡಿಕೆಗಳಿವೆ. ಒಂದು ಹಿಡಿಕೆಯ ಮೇಲೆ ಸ್ಯಾಟರ್‌ನ ತಲೆ. ಅವನು ಗ್ರೀಕ್ ಪುರಾಣದಲ್ಲಿ ಅರ್ಧ ಮನುಷ್ಯ, ಅರ್ಧ ಆಡು. ಇನ್ನೊಂದರ ಮೇಲೆ ನಿಂಫ್, ಅಂದರೆ ನಮ್ಮ ಯಕ್ಷಿಯ ಥರದ ಹೆಣ್ಣಿನ ತಲೆ. ಮುಚ್ಚಳದ ತುದಿಗೆ ನೋಡಿ, ಒಂದು ಅನಾನಸ್ ಹಣ್ಣು ಕೂತಿದೆ. ಜೊತೆಗೆ ಸಿಂಹದ ಮುಖ, ಗಡ್ಡದ ಮನುಷ್ಯನ ಮುಖ ಎಲ್ಲ ಇವೆ. ಇಷ್ಟರಲ್ಲಿ ರಗ್ಬಿಗೆ ಸಂಬಂಧಪಟ್ಟದ್ದು ಏನಾದರೂ ಕಂಡಿತಾ? ಚೆಂಡಿಲ್ಲ, ಆಟಗಾರನಿಲ್ಲ, ಗೋಲ್ ಕಂಬವೂ ಇಲ್ಲ.

ಯಾಕೆ ಅಂದರೆ ಈ ಕಪ್ ರಗ್ಬಿಗೆ ಅಂತ ಮಾಡಿದ್ದೇ ಅಲ್ಲ. ಲಂಡನ್ನಿನ ಕ್ಯಾರಿಂಗ್ಟನ್ ಅನ್ನುವ ಬೆಳ್ಳಿ ಕೆಲಸದವರು 1906ರಲ್ಲಿ ಇದನ್ನು ಮಾಡಿದರು. ವಿನ್ಯಾಸವೂ ಅವರದಲ್ಲ. ಪಾಲ್ ಡಿ ಲಾಮೆರಿ ಅಂತ ಲಂಡನ್ನಿನಲ್ಲಿ ಹೆಸರು ಮಾಡಿದ ಬೆಳ್ಳಿ ಕುಶಲಕರ್ಮಿ ಇದ್ದ, ಅವನ 1740ರ ಒಂದು ಕೆಲಸವನ್ನು ನೋಡಿ ಮಾಡಿದ್ದು. ಆ ಕಾಲದ ಯೂರೋಪಿನಲ್ಲಿ ಅನಾನಸ್ ಅಂದರೆ ಶ್ರೀಮಂತರ ಮನೆಯ ಹಣ್ಣು, ಅತಿಥಿ ಸತ್ಕಾರದ ಗುರುತು. ಸ್ಯಾಟರ್ ಮತ್ತು ನಿಂಫ್ ಇರುವುದು ದ್ರಾಕ್ಷಾರಸದ ದೇವರ ಬಳಗದಲ್ಲಿ. ಅಂದರೆ ಇದು ಹಬ್ಬದೂಟದ ಮೇಜಿನ ಮೇಲೆ ಇಡುವಂಥ ಪಾತ್ರೆಯ ರೂಪ. ಮಾಡಿದ ಮೇಲೆ 81 ವರ್ಷ ಕಳೆದವು, ಆಮೇಲೆ ಇದು ರಗ್ಬಿಯವರ ಕೈಗೆ ಬಂತು.

ಬಂದಿದ್ದು ಹೀಗೆ. ರಗ್ಬಿಗೆ ವಿಶ್ವಕಪ್ ಬೇಕಾ ಬೇಡವಾ ಅಂತ ದೊಡ್ಡ ಜಗಳ ಇತ್ತು. ಬ್ರಿಟನ್, ಐರ್ಲೆಂಡ್ ಕಡೆಯ ಹಿರಿಯರಿಗೆ ಭಯ, ವಿಶ್ವಕಪ್ ಬಂದರೆ ದುಡ್ಡು ಬರುತ್ತದೆ, ದುಡ್ಡು ಬಂದರೆ ಇಷ್ಟು ವರ್ಷ ಸಂಬಳ ಇಲ್ಲದೆ ಪ್ರೀತಿಗೆ ಆಡಿಕೊಂಡು ಬಂದ ಆಟ ಕೆಟ್ಟುಹೋಗುತ್ತದೆ ಅಂತ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಪಟ್ಟು ಬಿಡಲಿಲ್ಲ. 1985ರಲ್ಲಿ ಪ್ಯಾರಿಸ್‌ನಲ್ಲಿ ಮತಕ್ಕೆ ಹಾಕಿ, ಆಡಿಸೋಣ ಅಂತ ತೀರ್ಮಾನ ಆಯಿತು. 1987ಕ್ಕೆ ಟೂರ್ನಿ. ಎಲ್ಲ ತಯಾರಿ ನಡೆಯುತ್ತಿದೆ, ಗೆದ್ದವರಿಗೆ ಕೊಡುವುದು ಏನು ಅನ್ನುವುದು ಮಾತ್ರ ತೀರ್ಮಾನ ಆಗಿರಲಿಲ್ಲ! ಸಂಘಟನೆ ನೋಡಿಕೊಳ್ಳುತ್ತಿದ್ದ ಜಾನ್ ಕೆಂಡಾಲ್-ಕಾರ್ಪೆಂಟರ್, ಇಂಗ್ಲೆಂಡ್ ತಂಡದ ಹಳೆಯ ಆಟಗಾರ, ಲಂಡನ್ನಿನ ಗೆರಾರ್ಡ್ ಅಂಗಡಿಗೆ ಹೋದರು. ಆಗ ಬ್ರಿಟನ್ ರಾಜಮನೆತನದ ಆಭರಣ ನೋಡಿಕೊಳ್ಳುತ್ತಿದ್ದವರು ಅವರೇ. ಅಲ್ಲಿ ತೋರಿಸಿದ್ದು ಈ 1906ರ ಕಪ್. ಐರ್ಲೆಂಡಿನ ರಾನಿ ಡಾಸನ್, ವೇಲ್ಸ್‌ನ ಕೀತ್ ರೋಲೆಂಡ್ಸ್, ಇಂಗ್ಲೆಂಡಿನ ಬಾಬ್ ವೈಹಿಲ್ ಕೂಡ ನೋಡಿ ಒಪ್ಪಿದರು. ಅದು 1987ರ ಫೆಬ್ರವರಿ. ಮೇ ತಿಂಗಳಲ್ಲಿ ಟೂರ್ನಿ ಶುರು. ಮದುವೆ ಹತ್ತಿರ ಬಂದಾಗ ಅಂಗಡಿಗೆ ಓಡಿ ಸಿದ್ಧ ಒಡವೆ ತಂದ ಹಾಗೆ.

ಈ ಆತುರ ತಿಳಿದ ಮೇಲೆ ನನಗೆ ಆ ಕಪ್ ಮೇಲೆ ಪ್ರೀತಿ ಜಾಸ್ತಿಯೇ ಆಯಿತು. ಮುಖದ ಮೇಲೆ ಎರಡು ಸಾಲು ಕೆತ್ತಿಸಿದ್ದಾರೆ. ಮೇಲೆ "ಇಂಟರ್‌ನ್ಯಾಷನಲ್ ರಗ್ಬಿ ಫುಟ್‌ಬಾಲ್ ಬೋರ್ಡ್", ಕೆಳಗೆ "ದಿ ವೆಬ್ ಎಲಿಸ್ ಕಪ್". ಆ ಸಂಸ್ಥೆ ಈಗ ವರ್ಲ್ಡ್ ರಗ್ಬಿ ಅಂತ ಹೆಸರು ಬದಲಿಸಿಕೊಂಡಿದೆ, ಕಪ್ ಮೇಲಿನ ಅಕ್ಷರ ಹಾಗೇ ಇದೆ. ಇನ್ನೊಂದು ವಿಷಯ, ಇದರ ಜೋಡಿ 1986ರ ಒಂದು ಪ್ರತಿಕೃತಿಯೂ ಇದೆ. ಎರಡೂ ಅಧಿಕೃತವೇ, ಎರಡನ್ನೂ ಬಳಸುತ್ತಾರೆ.

ಈಗ ಆ ಹುಡುಗ. ವಿಲಿಯಂ ವೆಬ್ ಎಲಿಸ್ ಹುಟ್ಟಿದ್ದು 1806ರಲ್ಲಿ. ಇಂಗ್ಲೆಂಡಿನ ರಗ್ಬಿ ಅನ್ನುವ ಊರಿನ ಶಾಲೆಯಲ್ಲಿ 1816ರಿಂದ 1825ರವರೆಗೆ ಓದಿದ. (ಆಟಕ್ಕೆ ಆ ಹೆಸರು ಬಂದಿದ್ದೇ ಆ ಶಾಲೆಯಿಂದ.) ಕಥೆ ಏನಪ್ಪಾ ಅಂದರೆ, 1823ರಲ್ಲಿ ಒಂದು ದಿನ ಕಾಲ್ಚೆಂಡು ಆಡುವಾಗ ಇವನು ಚೆಂಡನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಎದುರಾಳಿಗಳ ಗೋಲಿನ ಕಡೆ ಓಡಿಬಿಟ್ಟ, ಅಲ್ಲಿಂದ ರಗ್ಬಿ ಹುಟ್ಟಿತು ಅಂತ. ಶಾಲೆಯ ಮೈದಾನದ ಗೋಡೆಯಲ್ಲಿ ಅವನ ಸಾಹಸ ಹೊಗಳುವ ಕಲ್ಲೂ ಇದೆ.

ಸರಿ, ಇದನ್ನು ಹೇಳಿದ್ದು ಯಾರು? ಮ್ಯಾಥ್ಯೂ ಬ್ಲಾಕ್ಸಮ್ ಅನ್ನುವ ಅದೇ ಶಾಲೆಯ ಹಳೆಯ ವಿದ್ಯಾರ್ಥಿ. ಯಾವಾಗ ಹೇಳಿದ್ದು? 1876ರಲ್ಲಿ, ಮತ್ತೆ 1880ರಲ್ಲಿ, ಶಾಲೆಯ ಪತ್ರಿಕೆಗೆ ಬರೆದು. ನಡೆದದ್ದು ಅನ್ನುವ ಕಾಲಕ್ಕೂ ಬರೆದ ಕಾಲಕ್ಕೂ ಐವತ್ತು ವರ್ಷಕ್ಕಿಂತ ಜಾಸ್ತಿ ಅಂತರ. ಅವರು ಕಣ್ಣಾರೆ ಕಂಡವರಲ್ಲ, ಆ ಹೊತ್ತಿಗೆ ಶಾಲೆ ಬಿಟ್ಟಾಗಿತ್ತು. ಮೊದಲ ಸಲ ಹೇಳಿದ ವರ್ಷ ಒಂದು, ಎರಡನೇ ಸಲ ಹೇಳಿದ್ದು ಇನ್ನೊಂದು. ಎಲಿಸ್‌ನನ್ನೇ ಕೇಳೋಣ ಅಂದರೆ ಅವನು 1872ರಲ್ಲೇ ತೀರಿಕೊಂಡಿದ್ದ. 1895ರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದವರು ಕೂತು ವಿಚಾರಣೆ ಮಾಡಿದರು, ಕಂಡೆ ಅಂತ ಹೇಳುವ ಒಬ್ಬನೂ ಸಿಗಲಿಲ್ಲ. ಆ ವಿಚಾರಣೆಗೆ ಥಾಮಸ್ ಹ್ಯೂಸ್ ಅನ್ನುವವರು ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಅವರು ಶಾಲೆಗೆ ಸೇರಿದ್ದು 1834ರಲ್ಲಿ, ಅಂದರೆ ಎಲಿಸ್ ಓಡಿದ ಅನ್ನುವ ದಿನದಿಂದ ಹನ್ನೊಂದು ವರ್ಷಕ್ಕೆ. ಆಗ ಚೆಂಡು ಹಿಡಿದು ಓಡುವುದಕ್ಕೆ ಪೂರ್ತಿ ನಿಷೇಧ ಇರಲಿಲ್ಲವಂತೆ. ಆದರೆ ಹಾಗೆ ಓಡಿ ಯಾವನಾದರೂ ಸತ್ತಿದ್ದರೆ, ಶಾಲೆಯ ಹುಡುಗರೇ ಪಂಚಾಯಿತಿ ಕೂತು ಕೊಂದಿದ್ದು ಸರಿ ಅಂತ ತೀರ್ಪು ಕೊಡುತ್ತಿದ್ದರು ಅಂತ ಅವರು ಹೇಳಿದ್ದಾರೆ. ಎಲಿಸ್ ಒಂದೇ ಓಟದಲ್ಲಿ ಆಟ ಬದಲಿಸಿದ್ದರೆ ಹನ್ನೊಂದು ವರ್ಷ ಆದ ಮೇಲೂ ಹೀಗಿರುತ್ತಿತ್ತಾ? ಕೈಯಲ್ಲಿ ಹಿಡಿದು ಓಡುವುದು ಅಲ್ಲಿ ರೂಢಿಗೆ ಬಂದಿದ್ದು ನಿಧಾನವಾಗಿ, 1830ರ ದಶಕದ ಕೊನೆಯಿಂದ 1840ರ ದಶಕದ ಶುರುವಿನ ಹೊತ್ತಿಗೆ. ನಿಯಮಗಳನ್ನು ಮೊದಲು ಬರೆದಿಟ್ಟಿದ್ದು 1845ರಲ್ಲಿ, ಅದೂ ವಿದ್ಯಾರ್ಥಿಗಳೇ. ಹುಡುಗರ ಹಿಂಡು ವರ್ಷ ವರ್ಷ ಆಡುತ್ತ ಆಡುತ್ತ ಆಟವನ್ನು ಬೆಳೆಸಿತು ಅನ್ನುವುದೇ ನನ್ನ ಅಭಿಪ್ರಾಯ. ಲಗೋರಿ ಕಂಡುಹಿಡಿದವನು ಯಾರು ಅಂತ ಕೇಳಿದರೆ ನಾವು ಯಾರ ಹೆಸರು ಹೇಳುತ್ತೇವೆ?

ಎಲಿಸ್ ಮುಂದೆ ಪಾದ್ರಿಯಾದ. ಆಕ್ಸ್‌ಫರ್ಡ್ ಪರವಾಗಿ 1827ರಲ್ಲಿ ಕೇಂಬ್ರಿಜ್ ವಿರುದ್ಧ ಕ್ರಿಕೆಟ್ ಆಡಿದ್ದಕ್ಕೆ ದಾಖಲೆ ಇದೆ. ಕೊನೆಗಾಲದಲ್ಲಿ ಫ್ರಾನ್ಸಿನ ದಕ್ಷಿಣ ತುದಿಯ ಮಾಂತೋನ್ ಅನ್ನುವ ಊರಲ್ಲಿದ್ದು ಅಲ್ಲೇ ತೀರಿಕೊಂಡ. ಸಮಾಧಿ ಎಲ್ಲಿದೆ ಅನ್ನುವುದೇ ಎಷ್ಟೋ ಕಾಲ ಮರೆತುಹೋಗಿತ್ತು. 1950ರ ದಶಕದ ಕೊನೆಯಲ್ಲಿ ಗಿನ್ನೆಸ್ ದಾಖಲೆಗಳ ಪುಸ್ತಕ ಶುರು ಮಾಡಿದವರಲ್ಲಿ ಒಬ್ಬರಾದ ರಾಸ್ ಮೆಕ್‌ವರ್ಟರ್ ಹುಡುಕಿ ಪತ್ತೆ ಮಾಡಿದರು. ತನ್ನ ಹೆಸರಲ್ಲಿ ಒಂದು ಕಪ್ ಬರುತ್ತದೆ, ಅದಕ್ಕಾಗಿ ದೇಶ ದೇಶಗಳು ಹೊಡೆದಾಡುತ್ತವೆ ಅಂತ ಆ ಮನುಷ್ಯನಿಗೆ ಕನಸೂ ಬಿದ್ದಿರಲಿಕ್ಕಿಲ್ಲ.

ಹಾಗಾದರೆ ಅಂಗಡಿಯಿಂದ ತಂದ ಪಾತ್ರೆ, ಸಾಕ್ಷಿ ಇಲ್ಲದ ಹೆಸರು, ಇದಕ್ಕೆ ಬೆಲೆ ಹೇಗೆ ಬಂತು? ಎತ್ತಿ ಹಿಡಿದವರಿಂದ ಬಂತು. ಮೊದಲ ಫೈನಲ್ 1987ರ ಜೂನ್ 20, ಆಕ್ಲೆಂಡಿನ ಈಡನ್ ಪಾರ್ಕ್. ನ್ಯೂಜಿಲೆಂಡ್ 29, ಫ್ರಾನ್ಸ್ 9. ಟೂರ್ನಿಗೆ ನಾಯಕ ಅಂತ ಆರಿಸಿದ್ದು ಆಂಡಿ ಡಾಲ್ಟನ್‌ನನ್ನು, ಗಾಯವಾಗಿ ಅವನು ಒಂದು ಪಂದ್ಯವೂ ಆಡಲಾಗಲಿಲ್ಲ. ಅವನ ಬದಲಿಗೆ ನಾಯಕನಾದ ಡೇವಿಡ್ ಕರ್ಕ್, ಕಪ್ ಎತ್ತುವ ಹೊತ್ತಿಗೆ, ಬಟ್ಟೆ ಬದಲಿಸಿ ಪಕ್ಕದಲ್ಲಿ ನಿಂತಿದ್ದ ಡಾಲ್ಟನ್‌ನನ್ನು ಕರೆದು ಜೊತೆಗೆ ಹಿಡಿಸಿದ. ಈ ಕಪ್‌ನ ಮೊದಲ ಚಿತ್ರವೇ ಇಬ್ಬರು ಹಿಡಿದ ಚಿತ್ರ.

ಆ ಸಲ ದಕ್ಷಿಣ ಆಫ್ರಿಕಾಕ್ಕೆ ಆಡುವ ಅವಕಾಶ ಇರಲಿಲ್ಲ, 1991ರಲ್ಲೂ ಇರಲಿಲ್ಲ. ಕಾರಣ ವರ್ಣಭೇದ ನೀತಿ. ಅಲ್ಲಿನ ಸ್ಪ್ರಿಂಗ್‌ಬಾಕ್ಸ್ ತಂಡದ ಹಸಿರು ಅಂಗಿ ಅಂದರೆ ಕಪ್ಪು ಜನಕ್ಕೆ ತಮ್ಮನ್ನು ತುಳಿದವರ ಅಂಗಿ. ಆ ತಂಡ ಯಾರ ಜೊತೆ ಆಡಿದರೂ ಅವರು ಎದುರಾಳಿಗೇ ಕೂಗುತ್ತಿದ್ದರು. 1995ರಲ್ಲಿ ವಿಶ್ವಕಪ್ ಅವರ ನೆಲದಲ್ಲೇ ನಡೆಯಿತು. ಜೂನ್ 24, ಜೊಹಾನ್ಸ್‌ಬರ್ಗ್‌ನ ಎಲಿಸ್ ಪಾರ್ಕ್. (ಕ್ವಿಜ್‌ಗೆ ಹೋಗುವವರು, ಇದನ್ನು ನೆನಪಿಟ್ಟುಕೊಳ್ಳಿ: ಈ ಎಲಿಸ್ ಬೇರೆ. ಮೈದಾನಕ್ಕೆ ಜಾಗ ಸಿಗುವ ಹಾಗೆ ಮಾಡಿದ ಜೆ. ಡಿ. ಎಲಿಸ್ ಅವರ ಹೆಸರು ಅದು.) ಎದುರಿಗೆ ನ್ಯೂಜಿಲೆಂಡ್. ಎರಡೂ ಕಡೆ ಒಂದು ಟ್ರೈ ಕೂಡ ಬರಲಿಲ್ಲ, ಅಂದರೆ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು ಯಾರಿಗೂ ಆಗಲಿಲ್ಲ. ಬರೀ ಒದ್ದು ಗಳಿಸಿದ ಅಂಕಗಳು. ಹೆಚ್ಚುವರಿ ಸಮಯದಲ್ಲಿ ಜೋಯಲ್ ಸ್ಟ್ರಾನ್ಸ್ಕಿಯ ಡ್ರಾಪ್ ಗೋಲ್, ಅಂದರೆ ಕೈಯಿಂದ ನೆಲಕ್ಕೆ ಬಿಟ್ಟು ಪುಟಿಯುವಾಗಲೇ ಒದ್ದ ಚೆಂಡು, ಕಂಬಗಳ ನಡುವೆ ಹೋಯಿತು. 15-12. ದಕ್ಷಿಣ ಆಫ್ರಿಕಾದ ಹದಿನೈದೂ ಅಂಕ ಅವನೊಬ್ಬನ ಕಾಲಿನಿಂದಲೇ ಬಂದವು.

ಆಮೇಲಿನದನ್ನು ನೀವು ವಿಡಿಯೋದಲ್ಲಿ ನೋಡಲೇಬೇಕು. ಅಧ್ಯಕ್ಷ ನೆಲ್ಸನ್ ಮಂಡೇಲಾ ಮೈದಾನಕ್ಕೆ ಬರುತ್ತಾರೆ. 27 ವರ್ಷ ಜೈಲಿನಲ್ಲಿದ್ದ ಮನುಷ್ಯ. ಮೈಮೇಲೆ ಅದೇ ಹಸಿರು ಅಂಗಿ, ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದಾರೆ, ತಲೆ ಮೇಲೆ ಹಸಿರು ಟೋಪಿ. ಬೆನ್ನಿನ ಮೇಲೆ 6, ಅದು ನಾಯಕ ಫ್ರಾಂಸ್ವಾ ಪಿನಾರ್‌ನ ಸಂಖ್ಯೆ. ಕಪ್ ಕೊಡುವಾಗ, ದೇಶಕ್ಕಾಗಿ ನೀವು ಮಾಡಿದ್ದಕ್ಕೆ ಧನ್ಯವಾದ ಅಂತ ಮಂಡೇಲಾ ಅಂದರು. ಇಲ್ಲ, ನೀವು ಮಾಡಿದ್ದಕ್ಕೆ ನಾವು ಧನ್ಯವಾದ ಹೇಳಬೇಕು ಅಂತ ಪಿನಾರ್ ಅಂದ. ಒಂದು ಪಂದ್ಯದಿಂದ ಅಲ್ಲಿನ ಕಷ್ಟ ಎಲ್ಲ ತೀರಿತು ಅಂತ ನಾನು ಹೇಳುವುದಿಲ್ಲ. ಅವತ್ತು ಆಡಿದ ಹದಿನೈದು ಜನರಲ್ಲಿ ಬಿಳಿಯನಲ್ಲದವನು ಚೆಸ್ಟರ್ ವಿಲಿಯಮ್ಸ್ ಒಬ್ಬನೇ. ಆದರೆ 24 ವರ್ಷ ಮುಂದಕ್ಕೆ ಬನ್ನಿ. 2019ರಲ್ಲಿ ಯೊಕೊಹಾಮಾದಲ್ಲಿ ಇಂಗ್ಲೆಂಡನ್ನು 32-12ರಿಂದ ಸೋಲಿಸಿ ಕಪ್ ಎತ್ತಿದವನು ಸಿಯಾ ಕೊಲಿಸಿ. ಪೋರ್ಟ್ ಎಲಿಜಬೆತ್ ಹತ್ತಿರದ ಜ್ವಿಡೆ ಅನ್ನುವ ಬಡ ಬಡಾವಣೆಯ ಹುಡುಗ, ದಕ್ಷಿಣ ಆಫ್ರಿಕಾ ಟೆಸ್ಟ್ ತಂಡದ ಮೊದಲ ಕಪ್ಪು ನಾಯಕ. ಅವನ ಬೆನ್ನಿನ ಮೇಲೂ ಅದೇ 6. ಮಂಡೇಲಾ ಕಪ್ ಕೊಟ್ಟ ದಿನ ಅವನಿಗೆ ನಾಲ್ಕು ವರ್ಷ. ಎರಡೂ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಉಳಿದ ಲೆಕ್ಕ ಬೇಗ ಹೇಳಿಬಿಡುತ್ತೇನೆ. ದಕ್ಷಿಣ ಆಫ್ರಿಕಾ ನಾಲ್ಕು ಸಲ ಗೆದ್ದಿದೆ: 1995, 2007, 2019, 2023. ನ್ಯೂಜಿಲೆಂಡ್ ಮೂರು: 1987, 2011, 2015. ಆಸ್ಟ್ರೇಲಿಯಾ ಎರಡು: 1991, 1999. ಇಂಗ್ಲೆಂಡ್ ಒಂದು: 2003, ಸಿಡ್ನಿಯಲ್ಲಿ ಜಾನಿ ವಿಲ್ಕಿನ್ಸನ್ ತನಗೆ ಅಷ್ಟಾಗಿ ರೂಢಿ ಇಲ್ಲದ ಬಲಗಾಲಿನಲ್ಲಿ ಕೊನೆ ಗಳಿಗೆಯ ಡ್ರಾಪ್ ಗೋಲ್ ಹೊಡೆದಾಗ. ಹತ್ತು ವಿಶ್ವಕಪ್, ನಾಲ್ಕೇ ದೇಶ. ಫ್ರಾನ್ಸ್ ಮೂರು ಫೈನಲ್ ಆಡಿ ಮೂರರಲ್ಲೂ ಸೋತಿದೆ, 2011ರಲ್ಲಂತೂ ಒಂದೇ ಅಂಕದಿಂದ, 8-7. ಮುಂದಿನದು 2027, ಆಸ್ಟ್ರೇಲಿಯಾದಲ್ಲಿ.

ಇನ್ನು ನಿಮ್ಮನ್ನು ಸೋಲಿಸಿದ ಕಪ್‌ಗೆ ಬರೋಣ. ಇಲ್ಲಿ ದಂತಕಥೆ ಇಲ್ಲ, ಎಲ್ಲ ಕಾಗದ ಪತ್ರದಲ್ಲೇ ಇದೆ. 1872ರ ಕ್ರಿಸ್ಮಸ್ ದಿನ ಕಲ್ಕತ್ತಾದಲ್ಲಿ ಅಲ್ಲಿದ್ದ ಬ್ರಿಟಿಷರು ಒಂದು ಪಂದ್ಯ ಆಡಿದರು. ಒಂದು ಕಡೆ ಇಂಗ್ಲೆಂಡಿನ ಇಪ್ಪತ್ತು ಜನ, ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಸೇರಿ ಇಪ್ಪತ್ತು. ಆಗ ರಗ್ಬಿ ಆಡುತ್ತಿದ್ದದ್ದು ಇಪ್ಪತ್ತಿಪ್ಪತ್ತು ಜನ, ಹದಿನೈದು ಆಗಿದ್ದು ಆಮೇಲೆ. ವಾರ ಬಿಟ್ಟು ಮತ್ತೆ ಆಡಿದರು. 1873ರ ಜನವರಿಯಲ್ಲಿ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಶುರುವಾಯಿತು, ಮರುವರ್ಷ ಇಂಗ್ಲೆಂಡಿನ ರಗ್ಬಿ ಯೂನಿಯನ್ನಿನ ಸದಸ್ಯತ್ವವೂ ಸಿಕ್ಕಿತು.

ಬಾಳಲಿಲ್ಲ ಅದು. ಬಂಗಾಳದ ಸೆಕೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಆಡುವ ಆಟ, ಊಹಿಸಿಕೊಳ್ಳಿ. ಟೆನಿಸ್, ಪೋಲೋ ಕಡೆ ಜನ ಹೋದರು. ಆಟಗಾರರನ್ನು ಕೊಡುತ್ತಿದ್ದ ಸೇನೆಯ ರೆಜಿಮೆಂಟ್ ಅಲ್ಲಿಂದ ಹೊರಟುಹೋಯಿತು. ಕ್ಲಬ್ಬಿನಲ್ಲಿ ಪುಕ್ಕಟೆ ಕೊಡುತ್ತಿದ್ದ ಕುಡಿತ ನಿಲ್ಲಿಸಿದರು, ಸದಸ್ಯರು ಇನ್ನೂ ಕಮ್ಮಿಯಾದರು. 1877ರ ಹೊತ್ತಿಗೆ ಮುಚ್ಚುವ ಸ್ಥಿತಿ. ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡು ಉಳಿದಿತ್ತು. ಹಂಚಿಕೊಳ್ಳಬಹುದಿತ್ತು, ಒಂದು ಪಾರ್ಟಿ ಮಾಡಿ ಮುಗಿಸಬಹುದಿತ್ತು. ಕ್ಲಬ್ಬಿನ ನಾಯಕ, ಕಾರ್ಯದರ್ಶಿ, ಖಜಾಂಚಿ ಮೂರೂ ಆಗಿದ್ದ ಜಿ. ಎ. ಜೇಮ್ಸ್ ರಾತ್ನಿ, ಈ ಹಣದಿಂದ ಆಟಕ್ಕೆ ಏನಾದರೂ ಶಾಶ್ವತವಾದದ್ದು ಆಗಲಿ ಅಂತ ರಗ್ಬಿ ಯೂನಿಯನ್‌ಗೆ ಬರೆದರು. ಖಾತೆಯಿಂದ 270 ರೂಪಾಯಿಯನ್ನು ಬೆಳ್ಳಿ ನಾಣ್ಯದಲ್ಲೇ ತೆಗೆಸಿ, ಕರಗಿಸಿ, ಕಪ್ ಮಾಡಿಸಿದರು.

ಒಂದು ಸಣ್ಣ ಲೆಕ್ಕ ಹಾಕೋಣ. ಆಗಿನ ಒಂದು ರೂಪಾಯಿ ನಾಣ್ಯದ ತೂಕ ಸರಿಯಾಗಿ ಒಂದು ತೊಲ. 270 ರೂಪಾಯಿ ಅಂದರೆ 270 ತೊಲ, ನಮ್ಮ ಈಗಿನ ಲೆಕ್ಕದಲ್ಲಿ ಮೂರು ಕಿಲೋಗೂ ಸ್ವಲ್ಪ ಜಾಸ್ತಿ. ಅಷ್ಟೂ ನಾಣ್ಯದ ಮೇಲೆ ವಿಕ್ಟೋರಿಯಾ ರಾಣಿಯ ಕಾಲದ ಮುದ್ರೆ ಇದ್ದಿರಬೇಕು, ಅಂಗಡಿ, ಸಂತೆ, ಸಂಬಳದ ಗಂಟು ಅಂತ ಎಷ್ಟೋ ಕೈ ಸುತ್ತಿ ಬಂದಿರಬೇಕು. ಕುಲುಮೆಯಲ್ಲಿ ಅದೆಲ್ಲ ಒಂದಾಗಿ, ಭಾರತದ ಅಕ್ಕಸಾಲಿಗರ ಕೈಯಲ್ಲಿ ಸುಮಾರು 45 ಸೆಂಟಿಮೀಟರ್ ಎತ್ತರದ ಕಪ್ ಆಯಿತು. ವಿಶ್ವಕಪ್‌ಗಿಂತ ಎತ್ತರ ಇದು. ಮೂರು ಹಿಡಿಕೆ, ಮೂರೂ ಕಾಳಿಂಗ ಸರ್ಪಗಳು. ಮುಚ್ಚಳದ ಮೇಲೆ ಆನೆ. ಕೆಳಗಿನ ಮರದ ಪೀಠದ ಮೇಲೆ ಪ್ರತಿ ವರ್ಷದ ಪಂದ್ಯದ ದಿನಾಂಕ, ಗೆದ್ದ ದೇಶ, ಎರಡೂ ನಾಯಕರ ಹೆಸರು ಕೆತ್ತಿದ ಫಲಕಗಳಿವೆ. ಮಾಡಿದವರ ಹೆಸರು ಮಾತ್ರ ಅದರಲ್ಲಿಲ್ಲ.

ರಾತ್ನಿಯ ಆಸೆ, ಇದಕ್ಕಾಗಿ ಕ್ಲಬ್‌ಗಳು ಪ್ರತಿ ವರ್ಷ ಆಡಲಿ ಅನ್ನುವುದಾಗಿತ್ತು. ಯೂನಿಯನ್ನಿನವರು ಇಂಗ್ಲೆಂಡ್-ಸ್ಕಾಟ್ಲೆಂಡ್ ಪಂದ್ಯಕ್ಕೆ ಇಟ್ಟರು. ಮೊದಲ ಸಲ ಆಡಿದ್ದು 1879ರ ಮಾರ್ಚ್ 10, ಎಡಿನ್‌ಬರೋದಲ್ಲಿ, ಸಮ ಸಮ ಆಯಿತು. ಮರುವರ್ಷ ಇಂಗ್ಲೆಂಡ್ ಗೆದ್ದಿತು. ವಿಶ್ವಕಪ್ ಶುರುವಾಗುವುದಕ್ಕೆ 108 ವರ್ಷ ಮುಂಚೆಯೇ ನಮ್ಮ ರೂಪಾಯಿ ರಗ್ಬಿ ಮೈದಾನಕ್ಕೆ ಇಳಿದಿತ್ತು ಅಂದ ಹಾಗಾಯಿತು.

ಇದಕ್ಕೆ ಒಂದು ಬೇಸರದ ದಿನವೂ ಬಂತು. 1988ರಲ್ಲಿ ಎಡಿನ್‌ಬರೋ ಪಂದ್ಯ ಮುಗಿದ ರಾತ್ರಿ, ಕುಡಿದ ಅಮಲಿನಲ್ಲಿ ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಮತ್ತು ಸ್ಕಾಟ್ಲೆಂಡಿನ ಜಾನ್ ಜೆಫ್ರಿ ಇದನ್ನು ಪ್ರಿನ್ಸಸ್ ಸ್ಟ್ರೀಟಿಗೆ ಒಯ್ದು, ಚೆಂಡಿನ ಹಾಗೆ ಆಡಿ, ನಜ್ಜುಗುಜ್ಜು ಮಾಡಿದರು. ಜೆಫ್ರಿಗೆ ಆರು ತಿಂಗಳ ನಿಷೇಧ, ರಿಚರ್ಡ್ಸ್‌ಗೆ ಒಂದು ಪಂದ್ಯ. ಆ ವ್ಯತ್ಯಾಸ ನ್ಯಾಯವಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಕಪ್ ರಿಪೇರಿ ಆಯಿತು, ಆದರೆ ಹಳೆಯ ಬೆಳ್ಳಿ, ಈಗ ತುಂಬಾ ಸೂಕ್ಷ್ಮವಾಗಿದೆ.

ಈ ಪಂದ್ಯ ಈಗ ನಡೆಯುವುದು ಸಿಕ್ಸ್ ನೇಷನ್ಸ್ ಟೂರ್ನಿಯ ಒಳಗೆ, ಅಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್, ಇಟಲಿ ಪ್ರತಿ ವರ್ಷ ಆಡುವ ಟೂರ್ನಿ. ಅದರ ಟ್ರೋಫಿ ಮೂರನೆಯದು, ಗೊಂದಲ ಬೇಡ ಅಂತ ಹೇಳುತ್ತಿದ್ದೇನೆ. ಎಷ್ಟು ಹಳೆಯ ಟೂರ್ನಿ, ಆದರೂ 1993ರವರೆಗೆ ಚಾಂಪಿಯನ್ನರಿಗೆ ಕೊಡಲು ಟ್ರೋಫಿಯೇ ಇರಲಿಲ್ಲ. ಆ ವರ್ಷ ಮಾಡಿಸಿದ್ದರಲ್ಲಿ ಹದಿನೈದು ಪಕ್ಕ, ಹದಿನೈದು ಆಟಗಾರರಿಗೆ. ಮೂರು ಹಿಡಿಕೆ, ರೆಫರಿ ಮತ್ತು ಇಬ್ಬರು ಲೈನ್‌ಮನ್‌ಗೆ. ಪೀಠದೊಳಗೆ ಒಂದು ಗುಟ್ಟಿನ ಡ್ರಾಯರ್ ಇತ್ತು, ಅದರಲ್ಲಿ ಒಂದೊಂದು ದೇಶದ ಲಾಂಛನದ ಬೆಳ್ಳಿ ತುದಿ. ಗೆದ್ದ ದೇಶದ್ದನ್ನು ಮುಚ್ಚಳಕ್ಕೆ ತಿರುಪಿ ಕೂರಿಸುವುದು. 2015ರಿಂದ ಆರು ಮುಖದ ಹೊಸ ಟ್ರೋಫಿ ಬಂದಿದೆ.

ಲಂಡನ್ ವಿಷಯ. ಕಲ್ಕತ್ತಾ ಕಪ್‌ನ ಮೂಲವನ್ನು ಸಾಮಾನ್ಯವಾಗಿ ಟ್ವಿಕನಮ್ ಮೈದಾನದ ವರ್ಲ್ಡ್ ರಗ್ಬಿ ಮ್ಯೂಸಿಯಂನಲ್ಲಿ ಇಡುತ್ತಾರೆ. ವಾಟರ್‌ಲೂ ಸ್ಟೇಷನ್ನಿನಿಂದ ರೈಲು ಸಿಗುತ್ತದೆ. ಮೈದಾನಕ್ಕೆ ಈಗ ಅಲಿಯಾನ್ಸ್ ಸ್ಟೇಡಿಯಂ ಅಂತ ಪ್ರಾಯೋಜಕರ ಹೆಸರು ಬಂದಿದೆ, ಮ್ಯಾಪಿನಲ್ಲಿ ಹುಡುಕುವಾಗ ಗಮನ ಇರಲಿ. ಹೋಗುವ ಮುಂಚೆ ಮಗಳ ಹತ್ತಿರ ಮ್ಯೂಸಿಯಂಗೆ ಒಂದು ಮೇಲ್ ಹಾಕಿಸಿ, ಕಪ್ ಅವತ್ತು ಅಲ್ಲೇ ಇದೆಯಾ ಅಂತ ಕೇಳಿಸಿ. ವೆಬ್ ಎಲಿಸ್ ಕಪ್ ಊರೂರು ಸುತ್ತುವುದು ಜಾಸ್ತಿ, ಅದನ್ನು ನೆಚ್ಚಿಕೊಂಡು ಹೋಗಬೇಡಿ. ಅದರ ಬದಲು ಇನ್ನೊಂದು ದಿನ ಯೂಸ್ಟನ್‌ನಿಂದ ರೈಲು ಹತ್ತಿ ರಗ್ಬಿ ಊರಿಗೇ ಹೋಗಿ, ಒಂದು ಗಂಟೆಯ ದಾರಿ. ಲಂಡನ್ನಿನ ಸ್ಟ್ರ್ಯಾಂಡ್ ರಸ್ತೆಯ ನಡುವೆ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚ್ ಸಿಗುತ್ತದೆ, ಎಲಿಸ್ ಪಾದ್ರಿಯಾಗಿ ಕೆಲಸ ಮಾಡಿದ್ದು ಅಲ್ಲಿ. ಟ್ವಿಕನಮ್‌ನಲ್ಲಿ ಗಾಜಿನ ಮುಂದೆ ನಿಂತಾಗ ಮೊದಲು ಆನೆ ನೋಡಿ, ಆಮೇಲೆ ಸುತ್ತು ಹಾಕಿ ಮೂರೂ ಹಾವು ಎಣಿಸಿ, ಕೊನೆಗೆ ಬಗ್ಗಿ ಪೀಠದ ಫಲಕಗಳಲ್ಲಿ 1879 ಎಲ್ಲಿದೆ ಅಂತ ಹುಡುಕಿ.